ಬೆಂಗಳೂರಿನ ಖಾಸಗಿ ಆಂಬುಲೆನ್ಸ್‌ಗಳಲ್ಲಿ ಇಎಂಟಿ ಕೆಲಸ: ಎಲ್ಲಿ ಸೇರಬಹುದು, ಎಲ್ಲಿ ಬೇಡ

ಇಎಂಟಿ ಎಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್, ಆಂಬುಲೆನ್ಸ್‌ನಲ್ಲಿ ರೋಗಿಯನ್ನು ನೋಡಿಕೊಳ್ಳುವವರು. ಖಾಸಗಿ ಆಂಬುಲೆನ್ಸ್‌ನಲ್ಲಿ ಈ ಕೆಲಸಕ್ಕೆ ಹೊರಟವರು ಮೊದಲು ವಿಚಾರಿಸುವುದು ಸಂಬಳವನ್ನು. ಅದು ಸಹಜವೇ. ಆದರೆ ಮೂರು ವರ್ಷದ ನಂತರ ಅವರು ಅದೇ ಗಾಡಿಯಲ್ಲೇ ಉಳಿದಿರುತ್ತಾರೋ, ಎಮರ್ಜೆನ್ಸಿ ವಿಭಾಗಕ್ಕೆ ಹೋಗಿರುತ್ತಾರೋ, ಗಲ್ಫ್‌ನಲ್ಲಿರುತ್ತಾರೋ ಎಂಬುದು ತೀರ್ಮಾನವಾಗುವುದು ಗಾಡಿಯ ಹಿಂಬದಿಯಲ್ಲಿ. ಅಲ್ಲಿರುವ ಸಲಕರಣೆ ಕೆಲಸ ಮಾಡುತ್ತದೆಯೇ, ಅದನ್ನು ಬಳಸುವಂಥ ರೋಗಿಗಳು ಬರುತ್ತಾರೆಯೇ, ಮಾಡಿದ ಕೆಲಸಕ್ಕೆ ಬರಹದಲ್ಲಿ ದಾಖಲೆ ಉಳಿಯುತ್ತದೆಯೇ? ಈ ವಿಮರ್ಶೆ ಅಳೆಯುವುದು ಈ ಮೂರನ್ನೇ.

ಬೆಂಗಳೂರಿನಲ್ಲಿ ಈ ಕೆಲಸ ಕೊಡುವವರು ಮೂರು ಬಗೆ. ಮೊದಲನೆಯವರು ದೊಡ್ಡ ಆಸ್ಪತ್ರೆಗಳು, ಸ್ವಂತ ಗಾಡಿ ಇಟ್ಟುಕೊಂಡವರು. ಎರಡನೆಯವರು ಫ್ಲೀಟ್ ಕಂಪನಿಗಳು: ಫೋನಿನಲ್ಲೋ ಆ್ಯಪ್‌ನಲ್ಲೋ ಬುಕಿಂಗ್ ಪಡೆದು ಹತ್ತಾರು ಗಾಡಿ ಓಡಿಸುವವರು, ಆಸ್ಪತ್ರೆ, ಕಾರ್ಖಾನೆ, ಐಟಿ ಪಾರ್ಕ್‌ಗಳ ಜೊತೆ ಒಪ್ಪಂದವೂ ಇರುತ್ತದೆ. ಸ್ಟ್ಯಾನ್‌ಪ್ಲಸ್ ಎಂದು ಶುರುವಾಗಿ ರೆಡ್ ಹೆಲ್ತ್ ಆದದ್ದು ಈ ಬಗೆಯದು. 2025ರ ಜನವರಿಯಲ್ಲಿ ಗುರುಗ್ರಾಮದಲ್ಲಿ ದಿನಸಿ ತಲುಪಿಸುವ ಬ್ಲಿಂಕಿಟ್ ಕೂಡ ಇದೇ ದಾರಿಗೆ ಇಳಿಯಿತು. ಮೂರನೆಯವರು ಒಂದೆರಡು ಗಾಡಿ ಕೊಂಡು ಆಸ್ಪತ್ರೆ ಗೇಟಿನ ಹೊರಗೆ ನಿಲ್ಲಿಸುವ ಬಿಡಿ ಮಾಲೀಕರು. 2008ರಲ್ಲಿ ಶುರುವಾದ 108 ಆರೋಗ್ಯ ಕವಚ ಸರ್ಕಾರದ ಯೋಜನೆಯಾದ್ದರಿಂದ ಇಲ್ಲಿ ಬಿಟ್ಟಿದ್ದೇವೆ. ಅಲ್ಲಿ ಪಳಗಿ ಖಾಸಗಿಗೆ ಬರುವವರಿಗೂ ಕೆಳಗಿನ ಮಾತುಗಳೆಲ್ಲ ಅನ್ವಯಿಸುತ್ತವೆ.

ಮೊದಲು ಗಾಡಿ. ನಮ್ಮ ದೇಶದ ಆಂಬುಲೆನ್ಸ್ ಮಾನದಂಡ ಎಐಎಸ್-125. ಅದರ ಪ್ರಕಾರ ಎ ಟೈಪ್ ಎಂದರೆ ಮೊದಲು ತಲುಪುವ ಸಣ್ಣ ವಾಹನ, ಬಿ ಎಂದರೆ ರೋಗಿಯನ್ನು ಸಾಗಿಸಲು ಮಾತ್ರ, ಸಿ ಎಂದರೆ ಬಿಎಲ್‌ಎಸ್ (ಜೀವ ಉಳಿಸುವ ಮೂಲ ಆರೈಕೆ), ಡಿ ಎಂದರೆ ಎಎಲ್‌ಎಸ್ (ಜೀವ ಉಳಿಸುವ ಮುಂದಿನ ಹಂತದ ಆರೈಕೆ). ಇಂಟರ್‌ವ್ಯೂನಲ್ಲಿ ‘ನಮ್ಮದು ಐಸಿಯು ಆಂಬುಲೆನ್ಸ್’ ಎಂದರೆ ಸುಮ್ಮನೆ ತಲೆಯಾಡಿಸಬೇಡಿ, ಹಿಂದಿನ ಬಾಗಿಲು ತೆಗೆಸಿ ನೋಡಿ. ಓಮ್ನಿ, ಈಕೋ ಗಾಡಿಗಳಲ್ಲಿ ಚಾವಣಿ ತಗ್ಗು. ಸಿಪಿಆರ್ ಕೊಡುವಾಗ ಮೊಣಕೈ ನೆಟ್ಟಗಿಟ್ಟು ಎದೆಯನ್ನು 5ರಿಂದ 6 ಸೆಂ.ಮೀ. ಒತ್ತಲು, ಅದನ್ನೂ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲು, ಅಲ್ಲಿ ಆಗುವುದೇ ಇಲ್ಲ. ಫೋರ್ಸ್ ಟ್ರಾವೆಲರ್‌ನ ಎತ್ತರದ ಚಾವಣಿ ಇರುವ ಗಾಡಿಯಲ್ಲಿ ಆಗುತ್ತದೆ. ಟಾಟಾ ವಿಂಗರ್‌ನಲ್ಲಿ ಮಾಡೆಲ್ ನೋಡಿಕೊಂಡು ಹೇಳಬೇಕು. ರೋಗಿಯ ತಲೆಯ ಕಡೆ ಇಎಂಟಿಗೆ ಸೀಟ್ ಬೆಲ್ಟ್ ಸಮೇತ ಒಂದು ಸೀಟು ಇರಬೇಕು. ಆಸ್ಪತ್ರೆಗಳ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಬಿಡಿ ಮಾಲೀಕರ ಗಾಡಿಗಳಲ್ಲಿ ಪಕ್ಕದ ಬೆಂಚೇ ಗತಿ, ಅದರ ಮೇಲೆ ರೋಗಿಯ ಮನೆಯವರು ನಾಲ್ವರು ಕೂತಿರುತ್ತಾರೆ.

ಇನ್ನು ಆಕ್ಸಿಜನ್. ಕೆಲಸದ ಗುಣಮಟ್ಟ ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ನಮ್ಮ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಬಿ ಟೈಪ್ ಸಿಲಿಂಡರ್: ಕಪ್ಪು ಮೈ, ಬಿಳಿ ಹೆಗಲು, 10 ಲೀಟರ್ ನೀರು ಹಿಡಿಯುವಷ್ಟು ಗಾತ್ರ. ತುಂಬಿದಾಗ ಗೇಜ್ ಸುಮಾರು 150 (ಬಾರ್ ಒತ್ತಡ) ತೋರಿಸುತ್ತದೆ, ಅಂದರೆ 1,500 ಲೀಟರ್. ಲೆಕ್ಕ ಸುಲಭ: ಗೇಜಿನ ಅಂಕಿಯಿಂದ ಮೀಸಲೆಂದು 20 ಕಳೆಯಿರಿ, 10ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತಿದ್ದೀರೋ ಅದರಿಂದ ಭಾಗಿಸಿ. ಗೇಜ್ 100 ಇದ್ದು ಮಾಸ್ಕ್‌ನಲ್ಲಿ 10 ಲೀಟರ್ ಹೋಗುತ್ತಿದ್ದರೆ ಕೈಯಲ್ಲಿರುವುದು 80 ನಿಮಿಷ. ಸಂಜೆ ಹೊತ್ತು ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಾಳದ ಕಡೆ ಹೊರಟರೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲೇ ಅದರಲ್ಲಿ ಒಂದು ದೊಡ್ಡ ಪಾಲು ಕರಗಿರುತ್ತದೆ. ಹೈ ಫ್ಲೋನಲ್ಲಿರುವ ರೋಗಿಗೆ ನಿಮಿಷಕ್ಕೆ 50 ಲೀಟರ್ ಶುದ್ಧ ಆಕ್ಸಿಜನ್ ಬೇಕಾದರೆ ತುಂಬಿದ ಸಿಲಿಂಡರ್ ಕೂಡ ಅರ್ಧ ಗಂಟೆ ಬರುವುದಿಲ್ಲ. ಅಂಥ ರೋಗಿಯನ್ನು ‘ಹತ್ತಿರವೇ ಇದೆ, ಹಾಕಿಕೊಂಡು ಹೋಗಿ’ ಎಂದು ಕಳಿಸುವ ಕಂಟ್ರೋಲ್ ರೂಮ್ ಇರುವ ಕಡೆ ಕೆಲಸ ಮಾಡಬೇಡಿ.

ಶಿಫ್ಟ್ ಹಿಡಿದ ಕೂಡಲೇ ಮಾಡಬೇಕಾದ ಸೋರಿಕೆ ಪರೀಕ್ಷೆಗೆ ಐದು ನಿಮಿಷ ಸಾಕು. ಫ್ಲೋಮೀಟರ್ ಮುಚ್ಚಿ, ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆರೆದು ಮತ್ತೆ ಮುಚ್ಚಿ, ಗೇಜಿನ ಮುಳ್ಳು ಎಲ್ಲಿದೆ ಎಂದು ನೋಡಿಕೊಳ್ಳಿ. ಐದು ನಿಮಿಷದಲ್ಲಿ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ, ಬಹಳ ಸಲ ರೆಗ್ಯುಲೇಟರ್‌ನ ವಾಷರ್ ಸವೆದಿರುತ್ತದೆ. ವಾಷರ್‌ಗೆ ಗ್ರೀಸ್ ಅಥವಾ ಎಣ್ಣೆ ಹಚ್ಚಿ ಸರಿಮಾಡಲು ಹೋಗುವವರಿದ್ದಾರೆ. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದರೆ ಬೆಂಕಿ ಹತ್ತಿಕೊಳ್ಳುತ್ತದೆ, ಹೊಸ ವಾಷರ್ ಹಾಕುವುದೊಂದೇ ದಾರಿ. ಒಳ್ಳೆಯ ಕಡೆ ಗಾಡಿಯಲ್ಲೇ ಎರಡು ವಾಷರ್, ಒಂದು ಸ್ಪ್ಯಾನರ್, ಒಂದು ಹೆಚ್ಚುವರಿ ರೆಗ್ಯುಲೇಟರ್ ಇರುತ್ತವೆ. ಸ್ಪ್ಯಾನರನ್ನು ಸಿಲಿಂಡರ್‌ಗೇ ಸರಪಳಿಯಲ್ಲಿ ಕಟ್ಟಿದ್ದರೆ ಆ ಸಂಸ್ಥೆಯಲ್ಲಿ ಕೆಲಸ ಬಲ್ಲವರು ಇದ್ದಾರೆಂದೇ ಅರ್ಥ.

ದೂರದ ಊರಿನ ಶಿಫ್ಟಿಂಗ್‌ನಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ., ಶಿರಾಡಿ ಘಾಟಿ ಮೇಲೆ ಏಳು ಗಂಟೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 10 ಲೀಟರ್ ಎಂದರೆ 4,200 ಲೀಟರ್. ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ, ರೋಗಿಗೆ ಬೇಡಿಕೆ ಹೆಚ್ಚಿದರೆ ಎಂದು ಅದರ ಅರ್ಧದಷ್ಟು ಸೇರಿಸಿ, 6,300 ಆಯಿತು. ಬಿ ಟೈಪ್‌ಗಿಂತ ದೊಡ್ಡದಾದ ಡಿ ಟೈಪ್ ಸಿಲಿಂಡರ್ ತುಂಬಿದ್ದರೆ ಅದರಲ್ಲಿ ಬಳಕೆಗೆ ಸಿಗುವುದು ಸುಮಾರು 6,000. ಆದ್ದರಿಂದ ಒಂದು ಡಿ, ಜೊತೆಗೆ ಒಂದು ಬಿ ಬೇಕು. ಬರೀ ಬಿ ಟೈಪ್ ಆದರೆ ಐದು ಬೇಕು. ಎರಡು ಬಿ ಟೈಪ್ ಹಾಕಿ ‘ಹಾಸನದಲ್ಲಿ ಬದಲಾಯಿಸಿಕೊಳ್ಳಿ’ ಎನ್ನುವ ಮಾಲೀಕರೂ ಇದ್ದಾರೆ. ರಾತ್ರಿ ಎರಡು ಗಂಟೆಗೆ ಹಾಸನದಲ್ಲಿ ಯಾರು ಕೊಡುತ್ತಾರೆ ಎಂದು ಹೆಸರು, ನಂಬರ್ ಸಮೇತ ಹೇಳದಿದ್ದರೆ ಗಾಡಿ ಹತ್ತಬೇಡಿ.

ಸಕ್ಷನ್ ಮಷೀನ್ ಎಲ್ಲರೂ ಮರೆಯುವ ಸಲಕರಣೆ. ಪವರ್‌ನಿಂದ ಪ್ಲಗ್ ತೆಗೆದು, ಆನ್ ಮಾಡಿ, ಟ್ಯೂಬಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಗೇಜ್ 300 ಎಂಎಂಎಚ್‌ಜಿ ತಲುಪಬೇಕು. ತಲುಪದಿದ್ದರೆ ಜಾಡಿಯ ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಟ್ಯೂಬ್ ಸೀಳಿರುತ್ತದೆ, ಇಲ್ಲವೇ ಬ್ಯಾಟರಿ ಸತ್ತಿರುತ್ತದೆ. ವಾಂತಿ ಗಂಟಲಿಗೆ ಇಳಿಯುತ್ತಿರುವ ರೋಗಿಯ ಮುಂದೆ ಈ ಮೂರರಲ್ಲಿ ಯಾವುದೆಂದು ಹುಡುಕಲು ಸಮಯ ಇರುವುದಿಲ್ಲ. ಮಾನಿಟರ್‌ನಲ್ಲಿ ಮೊದಲು ಕೈಕೊಡುವುದು ಕೇಬಲ್‌ಗಳು, ಅದರಲ್ಲೂ ರಕ್ತದ ಆಕ್ಸಿಜನ್ ಪ್ರಮಾಣ (ಸ್ಯಾಚುರೇಶನ್) ಅಳೆಯುವ ಎಸ್‌ಪಿಒ2 ಪ್ರೋಬ್. ಡಿಫಿಬ್ರಿಲೇಟರ್‌ನ ಪ್ಯಾಡ್‌ಗಳಿಗೂ ಗ್ಲೂಕೋಮೀಟರ್ ಸ್ಟ್ರಿಪ್‌ಗಳಿಗೂ ಎಕ್ಸ್‌ಪೈರಿ ದಿನಾಂಕ ಇರುತ್ತದೆ, ನೋಡಿ. ಸ್ಟ್ರೆಚರ್ ನೆಲದ ಲಾಕ್‌ಗೆ ಕೂತಾಗ ಟಕ್ ಎಂಬ ಸದ್ದು ಬರಬೇಕು. ಬಂದ ಮೇಲೂ ಕೈಯಿಂದ ಎಳೆದು ನೋಡಬೇಕು. ಹೆಗಲಿನ ಪಟ್ಟಿಗಳು ಕಾಣೆಯಾಗಿದ್ದರೆ ಗಟ್ಟಿ ಬ್ರೇಕ್ ಹಾಕಿದಾಗ ರೋಗಿ ಸ್ಟ್ರೆಚರ್ ಮೇಲೆ ಮುಂದಕ್ಕೆ ಜಾರುತ್ತಾರೆ. ಮಲ್ಲೇಶ್ವರದ ಹಳೆಯ ಮನೆಗಳ ಮೆಟ್ಟಿಲಿಗೂ ಸಣ್ಣ ಅಪಾರ್ಟ್‌ಮೆಂಟ್‌ಗಳ ಲಿಫ್ಟಿಗೂ ಸ್ಟ್ರೆಚರ್ ಹಿಡಿಸದು. ರೋಗಿಯನ್ನು ಕೂರಿಸಿ ಮೆಟ್ಟಿಲಿಳಿಸುವ ಸ್ಟೇರ್ ಚೇರ್ ಇಟ್ಟಿರುವ ಸಂಸ್ಥೆ ನಿಮ್ಮ ಬೆನ್ನಿನ ಬಗ್ಗೆಯೂ ಯೋಚಿಸಿದೆ.

ಕಲಿಕೆಯ ದೃಷ್ಟಿಯಿಂದ ನೋಡಿದರೆ ಡಯಾಲಿಸಿಸ್ ಡ್ರಾಪ್, ಡಿಸ್ಚಾರ್ಜ್ ಡ್ರಾಪ್‌ಗಳಿಂದ ಹೊಟ್ಟೆ ತುಂಬುತ್ತದೆ, ಕೈ ಪಳಗುವುದಿಲ್ಲ. ಕೈ ಪಳಗುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ವೆಂಟಿಲೇಟರ್ ಶಿಫ್ಟಿಂಗ್‌ನಲ್ಲಿ. ಜೊತೆಗೆ ಡಾಕ್ಟರೋ ಸ್ಟಾಫ್ ನರ್ಸೋ ಇರುತ್ತಾರೆ, ಅವರು ಮಾಡುವುದನ್ನು ನೋಡುತ್ತಾ ನೋಡುತ್ತಾ ಕೆಲಸ ಕೈಗೆ ಹತ್ತುತ್ತದೆ. ಒಳ್ಳೆಯ ತಂಡ ಐಸಿಯು ಬೆಡ್ ಮೇಲೆಯೇ ರೋಗಿಯನ್ನು ಗಾಡಿಯ ವೆಂಟಿಲೇಟರ್‌ಗೆ ಹಾಕಿ ಹತ್ತು ನಿಮಿಷವಾದರೂ ನೋಡಿ ಹೊರಡುತ್ತದೆ. ಉಸಿರಿನ ಟ್ಯೂಬ್ ಹಲ್ಲಿನ ಹತ್ತಿರ ಎಷ್ಟನೇ ಸೆಂ.ಮೀ. ಗುರುತಿನಲ್ಲಿದೆ ಎಂದು ಬರೆದುಕೊಂಡು, ಬೆಡ್‌ನಿಂದ ಸ್ಟ್ರೆಚರ್‌ಗೆ, ಸ್ಟ್ರೆಚರ್‌ನಿಂದ ಗಾಡಿಗೆ ದಾಟಿಸಿದ ಪ್ರತಿ ಸಲ ಮತ್ತೆ ನೋಡುತ್ತದೆ. ಬಿಪಿ ಏರಿಸುವ ನಾರ್‌ಅಡ್ರಿನಾಲಿನ್ ಹೋಗುತ್ತಿದ್ದರೆ ಎರಡನೇ ಸಿರಿಂಜ್ ತುಂಬಿ ಲೇಬಲ್ ಹಚ್ಚಿ ಸಿದ್ಧ ಇಟ್ಟಿರುತ್ತದೆ, ಏಕೆಂದರೆ ಸಿರಿಂಜ್ ಬದಲಿಸುವ ಅಷ್ಟು ಹೊತ್ತಿನಲ್ಲೇ ಬಿಪಿ ಕುಸಿಯಬಹುದು. ದಾರಿಯಲ್ಲಿ ಸ್ಯಾಚುರೇಶನ್ ಇಳಿದರೆ ನೋಡಬೇಕಾದ ಕ್ರಮ ಹೀಗೆ: ಟ್ಯೂಬ್ ಸರಿದಿದೆಯೇ, ಕಟ್ಟಿಕೊಂಡಿದೆಯೇ, ಎದೆಯಲ್ಲಿ ಗಾಳಿ ತುಂಬಿದೆಯೇ, ಮಷೀನ್ ಕೆಟ್ಟಿದೆಯೇ. ಏನೂ ತೋಚದಿದ್ದರೆ ವೆಂಟಿಲೇಟರ್ ಬಿಡಿಸಿ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿಯಬೇಕು. ತರಬೇತಿಯಿಲ್ಲದ ಇಎಂಟಿ ಒಬ್ಬರನ್ನೇ ಇಂಥ ರೋಗಿಯ ಜೊತೆ ಕಳಿಸುವ ಸಂಸ್ಥೆಗಳೂ ಇವೆ. ಅಂಥ ಕಡೆ ಅನುಭವ ಸಿಗುತ್ತದೆ ಎಂದು ಆಸೆಪಡಬೇಡಿ. ಏನಾದರೂ ಆದರೆ ಹೊಣೆ ಹೊರುವವರು ನೀವು.

ಕೆಲಸದ ತೃಪ್ತಿಯ ಮಾತಿಗೆ ಬಂದರೆ, ಈ ಕ್ಷೇತ್ರದಲ್ಲಿ ಮನಸ್ಸು ತುಂಬುವ ಕ್ಷಣಗಳು ನಿಜಕ್ಕೂ ಇವೆ. ಪಾರ್ಶ್ವವಾಯು ಬಡಿದು ಮಾತು ತೊದಲುತ್ತಿರುವ, ಒಂದು ಕೈ ಬಿದ್ದುಹೋಗಿರುವ ಹಿರಿಯರನ್ನು ಹತ್ತಿಸಿಕೊಂಡಾಗ ‘ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ’ ಎಂದು ಕೇಳಿ, ಸಕ್ಕರೆ ಪರೀಕ್ಷಿಸಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ದಾರಿಯಿಂದಲೇ ಫೋನ್ ಮಾಡಿದರೆ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವ ನಾಲ್ಕೂವರೆ ಗಂಟೆಯ ಗಡುವು ಉಳಿಯುತ್ತದೆ. ಆ ಕೆಲಸ ಇಎಂಟಿಯದು, ಬೇರೆ ಯಾರೂ ಮಾಡಲಾರರು. ಆದರೆ ರೋಗಿಯನ್ನು ಇಳಿಸಿ ಬಂದ ಮೇಲೆ ಅವರಿಗೆ ಏನಾಯಿತೆಂದು ತಿಳಿಯದಿದ್ದರೆ ಆ ತೃಪ್ತಿ ಉಳಿಯುವುದಿಲ್ಲ. ಇಲ್ಲಿ ಆಸ್ಪತ್ರೆಯ ಸ್ವಂತ ಗಾಡಿಗಳದ್ದು ಸ್ಪಷ್ಟ ಮೇಲುಗೈ. ಮರುದಿನ ಎಮರ್ಜೆನ್ಸಿ ಡಾಕ್ಟರನ್ನು ಕೇಳಬಹುದು, ಅವರೂ ತಪ್ಪು ತಿದ್ದುತ್ತಾರೆ. ಫ್ಲೀಟ್ ಕಂಪನಿಗಳಲ್ಲಿ ಕೆಲವು ಕಡೆ ಮಾತ್ರ ಕೇಸ್ ರಿವ್ಯೂ ನಡೆಯುತ್ತದೆ. ಸೇರುವ ಮುನ್ನ ಇದನ್ನು ಕೇಳಿಯೇ ಕೇಳಿ.

ದಾಖಲೆಯ ವಿಷಯದಲ್ಲಿ ಮಾತ್ರ ಯಾರನ್ನೂ ನಂಬಿ ಕೂರಬೇಡಿ. ಪ್ರತಿ ಟ್ರಿಪ್‌ಗೂ ಕೇಸ್ ಶೀಟ್ ಇರಬೇಕು: ಕರೆ ಬಂದ ಸಮಯ, ತಲುಪಿದ ಸಮಯ, ಹೊರಟ ಸಮಯ, ಹ್ಯಾಂಡೋವರ್ ಸಮಯ. ಸ್ಥಿರವಾಗಿರುವ ರೋಗಿಗೆ 15 ನಿಮಿಷಕ್ಕೊಮ್ಮೆ, ಅಸ್ಥಿರವಾಗಿದ್ದರೆ 5 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಉಸಿರು, ಸ್ಯಾಚುರೇಶನ್. ಕೊನೆಗೆ ರೋಗಿಯನ್ನು ಬರಮಾಡಿಕೊಂಡವರ ಸಹಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ) ಕೇಸ್ ಆಗಿ ಕೋರ್ಟ್‌ನಿಂದ ಸಮನ್ಸ್ ಬಂದರೆ ನಿಮ್ಮನ್ನು ಕಾಯುವುದು ಈ ಹಾಳೆಯೇ. ರೋಗಿಯ ಹೆಸರು ಬಿಟ್ಟು ನಿಮ್ಮದೇ ಲಾಗ್ ಪುಸ್ತಕವೊಂದನ್ನೂ ಇಟ್ಟುಕೊಳ್ಳಿ: ದಿನಾಂಕ, ಕೇಸಿನ ಬಗೆ, ನೀವು ಮಾಡಿದ ಕೆಲಸ.

ಸಂಬಳದಲ್ಲಿ ಕೈಗೆ ಬರುವ ಮೊತ್ತಕ್ಕಿಂತ ಅದರ ರಚನೆ ನೋಡಿ. ಬಿಡಿ ಮಾಲೀಕರು ಮೂಲ ಸಂಬಳ ಕಡಿಮೆ ಇಟ್ಟು ಟ್ರಿಪ್ ಬಾಟಾ ಹೆಚ್ಚು ಕೊಡುತ್ತಾರೆ. ತಿಂಗಳ ಕೊನೆಗೆ ಮೊತ್ತ ದೊಡ್ಡದಾಗಿ ಕಾಣುತ್ತದೆ, ಆದರೆ ಬಾಟಾ ಸ್ಲಿಪ್ ಮೇಲೆ ಬರುವುದಿಲ್ಲ, ಪಿಎಫ್‌ಗೂ ಸೇರುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನಕ್ಕೆ ಇಎಸ್‌ಐ (ನೌಕರರ ವಿಮೆ) ಅನ್ವಯಿಸುತ್ತದೆ: ನಿಮ್ಮ ಪಾಲು ಶೇ. 0.75, ಮಾಲೀಕರದು ಶೇ. 3.25. ಗಾಡಿ ಅಪಘಾತವಾದರೆ ನಿಮ್ಮ ಮನೆಯವರ ಕೈಹಿಡಿಯುವುದು ಅದೇ, ಬಾಟಾ ಅಲ್ಲ. ಇಪ್ಪತ್ತನಾಲ್ಕು ಗಂಟೆ ಡ್ಯೂಟಿ, ಮರುದಿನ ರಜೆ ಎಂಬ ಪದ್ಧತಿ ಹಲವು ಕಡೆ ಇದೆ. ಓದಲು ಸಮಯ ಸಿಗುತ್ತದೆಂದು ಕೆಲವರಿಗೆ ಇಷ್ಟ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಇಪ್ಪತ್ತು ಗಂಟೆ ಎಚ್ಚರವಿದ್ದ ಡ್ರೈವರ್ ಪಕ್ಕ ಕೂರುವುದು ಅಪಾಯ. ಮಲಗಲು ಕೋಣೆ ಇಲ್ಲದಿದ್ದರೆ 12 ಗಂಟೆಯ ಶಿಫ್ಟೇ ಮೇಲು.

ಕಮಿಷನ್ ಬಗ್ಗೆ ನೇರವಾಗಿ ಹೇಳಬೇಕು. ರೋಗಿಯನ್ನು ಇಂಥ ಆಸ್ಪತ್ರೆಗೇ ತಂದರೆ ಇಷ್ಟು ಎಂದು ಕೊಡುವ ಪದ್ಧತಿ ಗೇಟಿನ ಹೊರಗಿನ ಗಾಡಿಗಳಲ್ಲಿ ಇದೆ. ಹೃದಯಾಘಾತದ ರೋಗಿಯನ್ನು ಕ್ಯಾತ್‌ಲ್ಯಾಬ್ (ಹೃದಯದ ರಕ್ತನಾಳ ತೆರೆಯುವ ಘಟಕ) ಇಲ್ಲದ ನರ್ಸಿಂಗ್ ಹೋಮ್‌ಗೆ ಒಯ್ಯುವುದು ಈ ದುಡ್ಡಿನ ಆಸೆಗೇ. ಅಂಥ ಕಡೆ ಸಂಬಳ ಎಷ್ಟೇ ಇರಲಿ, ನಮ್ಮ ಶಿಫಾರಸು ಸೊನ್ನೆ.

ಮೈಕೈಯ ಸುರಕ್ಷತೆಯನ್ನೂ ಕೇಳಿ ತಿಳಿಯಿರಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಖರ್ಚು ಸಂಸ್ಥೆಯದಾಗಬೇಕು. ಸೂಜಿ ಚುಚ್ಚಿದರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡಬೇಕು. ಅದು ಎಲ್ಲಿ ಸಿಗುತ್ತದೆ ಎಂದು ಸೂಪರ್‌ವೈಸರ್‌ಗೆ ಗೊತ್ತಿರಬೇಕು. ರಕ್ತ ಚೆಲ್ಲಿದ ಜಾಗಕ್ಕೆ ಶೇ. 1ರ ಹೈಪೋಕ್ಲೋರೈಟ್ ಹತ್ತು ನಿಮಿಷ ಬಿಟ್ಟು ಒರೆಸಿ, ಆಮೇಲೆ ನೀರಿನಲ್ಲಿ ಒರೆಸಬೇಕು. ಇಲ್ಲದಿದ್ದರೆ ಸ್ಟ್ರೆಚರ್ ಕಬ್ಬಿಣ ತುಕ್ಕು ಹಿಡಿಯುತ್ತದೆ. ಶವ ಸಾಗಿಸಿದ ಗಾಡಿಯನ್ನೇ ತೊಳೆಯದೆ ಮುಂದಿನ ರೋಗಿಗೆ ಕಳಿಸುವ ಕಡೆ ಸೋಂಕು ಮೊದಲು ತಾಗುವುದು ನಿಮಗೇ.

ಮುಂದಿನ ದಾರಿ ಓದಿನ ಮೇಲೆ ನಿಂತಿದೆ. ಇಲ್ಲಿ ಒಂದು ಎಚ್ಚರಿಕೆ: 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಶನ್ಸ್ ಕಾಯ್ದೆಯ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ವೃತ್ತಿಯೂ ಇದೆ. ಅಲೈಡ್ ವೃತ್ತಿಪರರೆನಿಸಲು ಕನಿಷ್ಠ 2,000 ಗಂಟೆಯ ಡಿಪ್ಲೊಮಾ ಅಥವಾ ಡಿಗ್ರಿ, ಹೆಲ್ತ್‌ಕೇರ್ ವೃತ್ತಿಪರರೆನಿಸಲು ಕನಿಷ್ಠ 3,600 ಗಂಟೆಯ ಡಿಗ್ರಿ ಬೇಕೆಂದು ಅದು ಹೇಳುತ್ತದೆ. ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಕೆಲಸಕ್ಕೆ ಬಾಗಿಲು ತೆರೆಯುತ್ತದೆ, ಆದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಪಿಯುಸಿ ಸೈನ್ಸ್ ಆದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರ್ ಟೆಕ್ನಾಲಜಿ ಕಡೆ ನೋಡುವುದು ಒಳ್ಳೆಯದು. ಕೆಲಸದಲ್ಲಿರುವವರು ಬಿಎಲ್‌ಎಸ್, ಎಸಿಎಲ್‌ಎಸ್ (ಹೃದಯದ ತುರ್ತಿಗೆ ಮುಂದಿನ ಹಂತದ ಆರೈಕೆ) ತರಬೇತಿಯ ಕಾರ್ಡ್ ಮಾಡಿಸಿಕೊಳ್ಳಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡ್‌ಗೆ ಎರಡು ವರ್ಷ ಮಾತ್ರ ಮಾನ್ಯತೆ, ನವೀಕರಣದ ಫೀಸ್ ಸಂಸ್ಥೆ ಕೊಡುತ್ತದೆಯೇ ಎಂದು ಆಫರ್ ಲೆಟರ್‌ನಲ್ಲೇ ಬರೆಸಿ. ಬಿಎಲ್‌ಎಸ್ ಇನ್‌ಸ್ಟ್ರಕ್ಟರ್ ಆಗುವುದು ಒಂದು ದಾರಿ, ಕಂಟ್ರೋಲ್ ರೂಮ್ ಶಿಫ್ಟ್ ಲೀಡ್ ಇನ್ನೊಂದು, ಆಸ್ಪತ್ರೆಯ ಕ್ವಾಲಿಟಿ ವಿಭಾಗ ಮತ್ತೊಂದು. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಗೆ ಗಾಡಿಯ ಚೆಕ್‌ಲಿಸ್ಟ್ ನಡೆಸಲು ಕೆಲಸ ಗೊತ್ತಿರುವ ಆಳು ಬೇಕೇ ಬೇಕು.

ಗಲ್ಫ್ ಕನಸಿದ್ದವರು ಒಂದು ವಿಷಯ ಈಗಲೇ ತಿಳಿದಿರಲಿ. ದುಬೈ, ಸೌದಿ, ಕತಾರ್‌ಗಳಲ್ಲಿ ಲೈಸೆನ್ಸ್‌ಗೆ ಮುನ್ನ ಡೇಟಾಫ್ಲೋ ಎಂಬ ಪರಿಶೀಲನೆ ಇರುತ್ತದೆ. ನಿಮ್ಮ ಅನುಭವ ಪತ್ರವನ್ನು ಅವರು ಹಳೆಯ ಮಾಲೀಕರನ್ನೇ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಎಚ್‌ಆರ್ ವಿಭಾಗವಿಲ್ಲದ, ಇಮೇಲ್‌ಗೆ ಉತ್ತರ ಕೊಡದ ಮಾಲೀಕರ ಬಳಿ ದುಡಿದ ವರ್ಷಗಳು ಅಲ್ಲಿ ಲೆಕ್ಕಕ್ಕೇ ಬರದೆ ಹೋಗಬಹುದು. ಬ್ರಿಟನ್ ಇನ್ನೂ ಬಿಗಿ: ಅಲ್ಲಿ ಪ್ಯಾರಾಮೆಡಿಕ್ ಎಂದು ಕರೆದುಕೊಳ್ಳಲೇ ಎಚ್‌ಸಿಪಿಸಿ (ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿ) ನೋಂದಣಿ ಬೇಕು.

ಡ್ರೈವರ್‌ಗಳಿಗೆ ಒಂದು ಮಾತು. 7,500 ಕೆಜಿಯೊಳಗಿನ ವಾಹನಕ್ಕೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ, ಟ್ರಾವೆಲರ್ ಅದರೊಳಗೇ ಬರುತ್ತದೆ. ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಪ್ರಕಾರ 10,000 ರೂಪಾಯಿ ದಂಡವಿದೆ. ಆದರೆ ಖಾಲಿ ಗಾಡಿಗೆ, ಡಿಸ್ಚಾರ್ಜ್ ಡ್ರಾಪ್‌ಗೆ ಸೈರನ್ ಹಾಕಿಸುವ ಮಾಲೀಕರಿಂದಲೇ ಜನ ದಾರಿ ಬಿಡುವುದನ್ನು ನಿಲ್ಲಿಸುತ್ತಿದ್ದಾರೆ. ಬಿಎಲ್‌ಎಸ್ ಕಲಿತ ಡ್ರೈವರ್‌ಗೆ ಎಲ್ಲಿ ಹೋದರೂ ಬೆಲೆ ಹೆಚ್ಚು.

ನಮ್ಮ ಅಂಕ ಹೀಗೆ. ಕಲಿಯಬೇಕು, ಮೇಲಕ್ಕೆ ಹೋಗಬೇಕು ಎನ್ನುವವರಿಗೆ ಎಮರ್ಜೆನ್ಸಿ ವಿಭಾಗ ಗಟ್ಟಿಯಾಗಿರುವ ಆಸ್ಪತ್ರೆಯ ಸ್ವಂತ ಗಾಡಿ: ಐದಕ್ಕೆ ನಾಲ್ಕೂವರೆ. ಸಂಬಳ ಸ್ವಲ್ಪ ಕಡಿಮೆಯಾದರೂ ಮೊದಲ ಎರಡು ವರ್ಷ ಇಲ್ಲೇ ಕಳೆಯಿರಿ. ಫ್ಲೀಟ್ ಕಂಪನಿಗೆ ಮೂರೂವರೆ. ಕೇಸುಗಳ ವೈವಿಧ್ಯ ಹೆಚ್ಚು, ಬಡ್ತಿಯೂ ಬೇಗ, ಆದರೆ ನಿಮ್ಮನ್ನು ಕಾರ್ಖಾನೆಯ ಸ್ಟ್ಯಾಂಡ್‌ಬೈ ಗಾಡಿಗೆ ಹಾಕಿದರೆ ತಿಂಗಳಾನುಗಟ್ಟಲೆ ಒಬ್ಬ ರೋಗಿಯೂ ಸಿಗದಿರಬಹುದು. ಸರದಿ ಬದಲಾವಣೆ ಇದೆಯೇ ಎಂದು ಕೇಳಿಕೊಳ್ಳಿ. ಬಿಡಿ ಮಾಲೀಕರಿಗೆ ಒಂದೂವರೆ; ಗಾಡಿಯನ್ನೂ ಲೆಕ್ಕವನ್ನೂ ಚೊಕ್ಕಟವಾಗಿಟ್ಟ ಕೆಲವರಿದ್ದಾರೆ, ಅವರಿಗೆ ಮೂರು ಕೊಡಬಹುದು. ಯಾರಲ್ಲೇ ಆಗಲಿ, ಒಪ್ಪುವ ಮುನ್ನ ಒಂದು ರಾತ್ರಿ ಶಿಫ್ಟ್ ಜೊತೆಗೆ ಹೋಗಿ ಬರಲು ಅವಕಾಶ ಕೇಳಿ. ಮೂಲ ಸರ್ಟಿಫಿಕೇಟ್‌ಗಳನ್ನು ಮಾತ್ರ ಯಾರ ಕೈಗೂ ಒಪ್ಪಿಸಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಅಲ್ಲೇ ವಾಪಸ್ ತೆಗೆದುಕೊಳ್ಳಿ.